ಬಾರದ ಅತಿಥಿಯ ಭಾಷಣ

ನಾನು ತುಮಕೂರಿನಲ್ಲಿ ಬಿ.ಎ. ಸೇರಿ ಪತ್ರಿಕೋದ್ಯಮ ತೆಗೆದುಕೊಂಡಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಣಿಗಲ್ ತಾಲ್ಲೂಕಿನ ಅಮೃತೂರಿನ ನಮ್ಮ ಮನೆಯಲ್ಲಿ ಆ ಓದಿನ ತಲೆಬುಡ ಯಾರಿಗೂ ಅರ್ಥವಾಗಲಿಲ್ಲ. "ಓದು ಮುಗುದ್ಮೇಲೆ ಮನೆಮನೆಗೆ ಪೇಪರ್ ಹಾಕ್ತೀಯೇನೇ?" ಎಂದು ಸೋದರಮಾವ ಕೇಳಿದರು. "ಹೂಂ ಮಾವ, ನಿಮ್ಮನೆಗೆ ಮಾತ್ರ ಹಾಕಲ್ಲ" ಎಂದೆ. ನನ್ನ ಬಾಯಿ ಆಗಲೂ ಹೀಗೇ ಇತ್ತು.

ನಮ್ಮ ತರಗತಿಯಲ್ಲಿ ಬೆರಳೆಣಿಕೆಯ ಮಂದಿ. ಪಾಠ ಮಾಡುತ್ತಿದ್ದ ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮನ್ನು ಊರೆಲ್ಲ ಸುತ್ತಿಸುತ್ತಿದ್ದರು. ಒಂದು ವಾರ ಪತ್ರಿಕೆಯ ಅಚ್ಚಿನ ಮನೆ, ಇನ್ನೊಂದು ವಾರ ಕೇಬಲ್ ಟಿ.ವಿ.ಯವರು ಸುದ್ದಿ ಓದಿಸುತ್ತಿದ್ದ ಕಿರುಕೋಣೆ, ಮತ್ತೊಂದು ವಾರ ಅಂಗಡಿಗಳ ಜಾಹೀರಾತು ಬರೆದುಕೊಡುವವರ ಆಫೀಸು. ಪತ್ರಿಕೋದ್ಯಮ ಓದಿದವರೆಲ್ಲ ಪತ್ರಿಕೆಗೇ ಹೋಗಬೇಕೆಂದಿಲ್ಲ ಎಂದು ಅವರು ನಮಗೆ ಕಣ್ಣಾರೆ ತೋರಿಸಿದರು. ಮುಂದೆ ನಮ್ಮಲ್ಲೊಬ್ಬ ರೇಡಿಯೋ ಸೇರಿದ, ಒಬ್ಬಳು ಆರೋಗ್ಯ ಇಲಾಖೆಗೆ ಪ್ರಚಾರದ ಕರಪತ್ರ ಬರೆದಳು, ನಾನು ಕೇಬಲ್ ಸುದ್ದಿಯಿಂದ ಶುರುಮಾಡಿ ಈಗ ಇದೇ ವಿಷಯ ಪಾಠ ಮಾಡುತ್ತಿದ್ದೇನೆ. ಆ ಮೇಡಂ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೆ ನನ್ನ ಮಟ್ಟಿಗೆ ಪತ್ರಿಕೋದ್ಯಮದ ನಿಜವಾದ ಪಾಠ ಕಲಿಸಿದವಳು ನನ್ನ ಪಕ್ಕದ ಬೆಂಚಿನವಳು.

ಅವಳು ಗುಬ್ಬಿ ಕಡೆಯ ಹುಡುಗಿ. ಸದಾಶಿವನಗರದಲ್ಲಿ ಒಂದು ಮನೆಯ ಹಿಂದಿನ ಕೋಣೆಯನ್ನು ಇಬ್ಬರೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ಸಾರು ಅವಳದು, ಮುದ್ದೆ ನನ್ನದು, ಜಗಳ ಇಬ್ಬರದೂ. ಅವರದು ತೆಂಗಿನ ತೋಟದ ಕೂಡು ಕುಟುಂಬ. ದೊಡ್ಡಪ್ಪ ಹಾಕಿದ ಗೆರೆಯನ್ನು ಅವರಪ್ಪನೂ ದಾಟುತ್ತಿರಲಿಲ್ಲ. ಆ ದೊಡ್ಡಪ್ಪ ಹೇಳಿಬಿಟ್ಟಿದ್ದರು, ಡಿಗ್ರಿ ಮುಗಿಯುವುದರೊಳಗೆ ಈ ಓದಿನಿಂದ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಬಿ.ಎಡ್. ಮಾಡಿ ಊರಿನ ಹೈಸ್ಕೂಲಿಗೆ ಟೀಚರಾಗಬೇಕು. ಆ ಹೈಸ್ಕೂಲಿನ ಸಮಿತಿಗೂ ಅವರೇ ಅಧ್ಯಕ್ಷರು. ಟೀಚರ್ ಕೆಲಸವೆಂದರೆ ಅವಳಿಗೆ ಅಗೌರವವೇನೂ ಇರಲಿಲ್ಲ, ಬರೆಯದೆ ಇರಲು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

ಕೊನೆಯ ವರ್ಷ ಮೇಡಂ ತುಮಕೂರಿನ ಒಂದು ದಿನಪತ್ರಿಕೆಯ ಸಂಪಾದಕರನ್ನು ಒಪ್ಪಿಸಿ ಒಂದು ಟ್ರೈನಿ ಜಾಗ ಹುಟ್ಟಿಸಿದರು. ನಮ್ಮ ನಮ್ಮ ತಾಲ್ಲೂಕಿನಿಂದ ಸುದ್ದಿ ಕಳಿಸಬೇಕು, ಚೆನ್ನಾಗಿ ಬರೆದವರಿಗೆ ಕೆಲಸ. ನಾನು ಕುಣಿಗಲ್ಲಿನಿಂದ, ಅವಳು ಗುಬ್ಬಿಯಿಂದ. ಆ ಜಾಗದ ಮೇಲೆ ನನಗೂ ಕಣ್ಣಿತ್ತು ಎಂದು ಹೇಳಿಬಿಡುವುದು ಒಳ್ಳೆಯದು.

ಆಗ ತಾಲ್ಲೂಕಿನ ಸುದ್ದಿ ಬರುತ್ತಿದ್ದುದು ಬಸ್ಸಿನಲ್ಲಿ. ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆಯವರು ಇಸಿದುಕೊಳ್ಳುತ್ತಿದ್ದರು. ಬಸ್ಸು ಸಮಾರಂಭಕ್ಕೆ ಕಾಯುತ್ತದೆಯೇ? ಹಾಗಾಗಿ ಸಮಾರಂಭ ಶುರುವಾಗುವ ಮೊದಲೇ ಆಹ್ವಾನ ಪತ್ರಿಕೆ ಮುಂದಿಟ್ಟುಕೊಂಡು ವರದಿ ಬರೆಯುವುದು ವಾಡಿಕೆಯಾಗಿತ್ತು. ಇಂಥವರು ಉದ್ಘಾಟಿಸಿ ಮಾತನಾಡಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಮುಗಿಯಿತು. ಅತಿಥಿಗಳು ಮಾತನಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ ಆದ್ದರಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಅವಳ ಊರಿನ ಹೈಸ್ಕೂಲಿಗೆ ಹೊಸ ಕೊಠಡಿ ಕಟ್ಟಿಸಿದ್ದರು. ಉದ್ಘಾಟನೆಗೆ ಬೆಂಗಳೂರಿನಿಂದ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಗುಬ್ಬಿಯ ವರದಿಗಾರರೆಲ್ಲ ಬೆಳಿಗ್ಗೆಯೇ ಬರೆದು ಕವರ್ ಅಂಟಿಸಿ ಬಸ್ಸಿಗೆ ಹಾಕಿದರು. ಇವಳು ಮಾತ್ರ ಹಾಕದೆ ಶಾಮಿಯಾನದ ಕೆಳಗೆ ಕೂತಳು.

ಆ ಸಂಜೆ ನಾನು ಕುಣಿಗಲ್ಲಿನ ಸುದ್ದಿ ಹಿಡಿದು ಪತ್ರಿಕೆಯ ಆಫೀಸಿನಲ್ಲಿದ್ದೆ. ಅವಳು ಒಳಗೆ ಬಂದಾಗ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಏನಮ್ಮ, ನಿನ್ನ ಕವರ್ ಬರ್ಲೇ ಇಲ್ಲ" ಎಂದರು ಸಂಪಾದಕರು.

"ಅತಿಥಿಗಳೂ ಬರ್ಲಿಲ್ಲ ಸಾರ್" ಎಂದಳು.

ಸಂಪಾದಕರು ಮೇಜಿನ ಮೇಲಿದ್ದ ಪುಟದ ಕರಡನ್ನು ನೋಡಿದರು. ಪತ್ರಿಕೆಯ ಗುಬ್ಬಿ ವರದಿಗಾರರ ಕವರ್ ಆಗಲೇ ಬಂದು, ಸುದ್ದಿ ಪುಟದಲ್ಲಿ ಕೂತಾಗಿತ್ತು. ಅದರಲ್ಲಿ ಆ ದೊಡ್ಡ ಮನುಷ್ಯರು ಟೇಪು ಕತ್ತರಿಸಿ, ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಎಂದು ಅಭಿಪ್ರಾಯಪಟ್ಟಿದ್ದರು.

ಅವಳು ಬರೆದುಕೊಂಡು ಬಂದಿದ್ದು ಚಿಕ್ಕದು. ಅತಿಥಿಗಳು ಬರಲಿಲ್ಲ. ಸಮಿತಿಯ ಅಧ್ಯಕ್ಷರು ಮಾತನಾಡಿದರು. ಬಿಸಿಲು ಏರಿತು. ಬೆಳಿಗ್ಗೆಯಿಂದ ಸಾಲಾಗಿ ನಿಂತಿದ್ದ ಮಕ್ಕಳು, ಕತ್ತರಿಸದೆ ಉಳಿದಿದ್ದ ಟೇಪಿನ ಕೆಳಗೆ ಬಗ್ಗಿ ಒಬ್ಬೊಬ್ಬರಾಗಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಕೊಠಡಿ ಶುರುವಾಯಿತು. ಓದಿ ಮುಗಿಸಿದಾಗ ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ಯಾವುದು ಮೊದಲು ಎಂದು ಕೇಳಬೇಡಿ. ಕುಣಿಗಲ್ಲಿನಿಂದ ನಾನು ಅಷ್ಟು ದಿನ ಕಳಿಸಿದ್ದರಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

"ಸಮಿತಿ ಅಧ್ಯಕ್ಷರು ಯಾರು?" ಸಂಪಾದಕರು ಕೇಳಿದರು.

"ನಮ್ಮ ದೊಡ್ಡಪ್ಪ ಸಾರ್."

"ಊರ ಮರ್ಯಾದೆ ತೆಗೆದೆ ಅಂತ ಬಯ್ಯಲ್ವಾ?"

"ಬಯ್ತಾರೆ ಸಾರ್. ಬಿ.ಎಡ್.ಗೂ ಸೇರಿಸ್ತಾರೆ." ಮೇಜಿನ ಮೇಲಿಟ್ಟ ಹಾಳೆಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂಪಾದಕರು ಪುಟದಿಂದ ಹಳೆಯ ವರದಿಯನ್ನು ತೆಗೆಸಿ ಇವಳದನ್ನು ಹಾಕಿಸಿದರು.

ಮಾರನೆಯ ದಿನ ಮೇಡಂ ನಮ್ಮಿಬ್ಬರನ್ನೂ ಆಫೀಸಿಗೆ ಕರೆದುಕೊಂಡು ಹೋಗಿದ್ದರು. ಟ್ರೈನಿ ಜಾಗ ಯಾರಿಗೆ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ನಾವು ಕೂರುವ ಮೊದಲೇ ಬಾಗಿಲಲ್ಲಿ ಬಿಳಿ ಪಂಚೆಯ ಎತ್ತರದ ಆಳೊಬ್ಬರು ಕಂಡರು, ಕಂಕುಳಲ್ಲಿ ಪೇಪರುಗಳ ಸುರುಳಿ. ಪಕ್ಕದಲ್ಲಿದ್ದ ಇವಳು ನನ್ನ ಮಣಿಕಟ್ಟು ಹಿಡಿದಳು. ದೊಡ್ಡಪ್ಪ ಎಂದು ಅವಳು ಹೇಳಬೇಕಾಗಿರಲಿಲ್ಲ.

"ಇದನ್ನ ಬರ್ದೋರು ಯಾರು?" ಅವರು ಸಂಪಾದಕರ ಮೇಜಿನ ಮೇಲೆ ಪೇಪರು ಹರಡಿದರು.

"ನಾನೇ ದೊಡ್ಡಪ್ಪ" ಎಂದು ಇವಳು ಮುಂದೆ ಬಂದಳು.

ಅವರು ಅವಳನ್ನು ನೋಡದೆ ಸಂಪಾದಕರ ಕಡೆಯೇ ತಿರುಗಿ ಮಾತನಾಡಿದರು. "ನೋಡಿ ಸ್ವಾಮಿ, ಆವಯ್ಯ ನಮ್ಮೂರ ಕಡೆ ತಲೆ ಹಾಕ್ಲಿಲ್ಲ. ಬೇರೆ ಪೇಪರ್ನಲ್ಲೆಲ್ಲ ಭಾಷಣ ಮಾಡವ್ನೆ. ಗುಬ್ಬಿ ಹೋಟ್ಲಲ್ಲಿ ಓದ್ಕಂಡು ಜನ ಬಿದ್ದು ಬಿದ್ದು ನಗ್ತಾವ್ರೆ. ನಮ್ಮುಡ್ಗಿ ಬರ್ದಿರದೇ ದಿಟ, ಅದನ್ನ ಇಲ್ಲ ಅನ್ನಕಾಯ್ತದಾ?" ಆಮೇಲೆ ಅವಳ ಕಡೆ ತಿರುಗಿದರು. "ಅದು ಸರಿ ಕಣವ್ವ. ಬಿಸ್ಲಲ್ಲಿ ನಿಂತು ಮುಕ್ಕಾಲು ಗಂಟೆ ನಾನು ಗಂಟ್ಲು ಹರ್ಕಂಡ್ನಲ್ಲ, ಅದೆಲ್ಲೋಯ್ತು? ಮಾತನಾಡಿದರು ಅಂತ ಒಂದೇ ಮಾತ್ನಲ್ಲಿ ಮುಗ್ಸಿದೀಯಲ್ಲ."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಈಗಲಾದರೂ ಇವಳು ಪುಟದಲ್ಲಿ ಜಾಗ ಇಲ್ಲದೆ ಬಿಟ್ಟುಹೋಯಿತು ಎಂದೋ, ನಾಳೆ ಹಾಕಿಸುತ್ತೇನೆ ಎಂದೋ ಹೇಳಲಿ ಎಂದು ನಾನು ಬೇಡಿಕೊಂಡೆ. ಅವಳ ಮುಂದಿನ ಬದುಕೆಲ್ಲ ಆ ಮನುಷ್ಯರ ಬಾಯಲ್ಲಿತ್ತು.

"ಅದ್ರಲ್ಲಿ ಸುದ್ದಿ ಏನೂ ಇರ್ಲಿಲ್ಲ ದೊಡ್ಡಪ್ಪ" ಎಂದಳು.

ದೊಡ್ಡಪ್ಪ ಅವಳನ್ನೇ ನೋಡಿದರು, ಹೆಗಲ ಮೇಲಿನ ಟವೆಲ್ಲು ತೆಗೆದು ಕತ್ತು ಒರೆಸಿಕೊಂಡರು, ತಂದಿದ್ದ ಪೇಪರುಗಳಲ್ಲಿ ಇವಳ ಸುದ್ದಿ ಇದ್ದದ್ದನ್ನು ಮಾತ್ರ ಮಡಿಸಿ ಜೇಬಿಗಿಟ್ಟುಕೊಂಡರು.

"ಇವ್ಳು ಮೇಷ್ಟ್ರಾದ್ರೆ ನಮ್ಮೂರಲ್ಲಿ ಒಂದು ಮಗೂನೂ ಪಾಸಾಗಲ್ಲ" ಎಂದರು ಸಂಪಾದಕರಿಗೆ. "ನೀವೇ ಇಟ್ಕಳಿ ಸ್ವಾಮಿ."