ಅಪ್ಪನ ರಕ್ತ, ಅಕ್ಕನ ಮಗು

ಮೊದಲು ಕಂಡದ್ದು ಮೊಣಕಾಲಿನ ಕೆಳಗಿನ ನೀಲಿ ಕಲೆಗಳು. ಲ್ಯಾಬಿನಲ್ಲಿ ಮೀನಿನ ತೊಟ್ಟಿಗಳ ಚೌಕಟ್ಟಿಗೆ ಕಾಲು ತಾಗಿರಬೇಕು ಅಂದುಕೊಂಡೆ. ಆಮೇಲೆ ಹಲ್ಲುಜ್ಜುವಾಗ ರಕ್ತ. ಬ್ರಷ್ ಬದಲಾಯಿಸಿದೆ. ಆಮೇಲೆ ಒಂದು ಬೆಳಿಗ್ಗೆ ಜರ್ಸಿ ಸಿಟಿಯಿಂದ ನ್ಯೂಯಾರ್ಕಿಗೆ ಬಂದು ಟ್ರೇನಿಳಿದವಳು ಮೆಟ್ಟಿಲು ಹತ್ತಲಾರದೆ ಕಂಬಿ ಹಿಡಿದು ನಿಂತುಬಿಟ್ಟೆ. ಪಿಎಚ್‌ಡಿಯ ಮೂರನೇ ವರ್ಷ, ಇಷ್ಟು ಸುಸ್ತು ಎಲ್ಲರಿಗೂ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ನಾನು ಓದುತ್ತಿದ್ದದ್ದು ರೀಜನರೇಟಿವ್ ಬಯಾಲಜಿ. ದೇಹದಲ್ಲಿ ಹಾಳಾದ ಭಾಗ ಮತ್ತೆ ಹೇಗೆ ಬೆಳೆಯುತ್ತದೆ, ಏಕೆ ಬೆಳೆಯುವುದಿಲ್ಲ ಎಂಬುದರ ಅಭ್ಯಾಸ. ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಹೃದಯದ ತುದಿಯನ್ನು ಕತ್ತರಿಸಿದರೆ ಕೆಲವು ವಾರಗಳಲ್ಲಿ ಅದು ಮತ್ತೆ ಬೆಳೆದುಕೊಳ್ಳುತ್ತದೆ. ಮನುಷ್ಯರದು ಬೆಳೆಯುವುದಿಲ್ಲ. ಆ ಕತ್ತರಿಸುವ ಕೆಲಸ ನನ್ನದು; ಮೈಕ್ರೋಸ್ಕೋಪಿಗೆ ಎರಡೂ ಕಣ್ಣಿಟ್ಟು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಅಪ್ಪ ಮೈಸೂರಿನಲ್ಲಿ ಟೈಲರ್. ನನ್ನ ಕೈ ನಡುಗದಿರುವುದು ಅವರಿಂದ ಬಂದದ್ದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಕೊನೆಗೆ ಯೂನಿವರ್ಸಿಟಿಯ ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬಂದೆ. ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗಲೇ ಫೋನು ಬಂತು. "ಜೊತೆಯಲ್ಲಿ ಯಾರಾದರೂ ಇದ್ದಾರಾ? ಈಗಲೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಎಲ್ಲೂ ಬೀಳಬೇಡಿ, ತಲೆಗೆ ಪೆಟ್ಟು ಮಾಡಿಕೊಳ್ಳಬೇಡಿ."

ಸೊಂಟದ ಮೂಳೆಗೆ ಸೂಜಿ ಹಾಕಿ ಬಯಾಪ್ಸಿ ತೆಗೆದರು. ಡಾಕ್ಟರು ನರೆಗೂದಲಿನ ಹೆಂಗಸು, ಮೆಲುದನಿ. ಸ್ಲೈಡ್ ನೋಡಬೇಕು ಎಂದು ಕೇಳಿದೆ. ಬೇಡ ಅನ್ನಲಿಲ್ಲ, ಕಂಪ್ಯೂಟರ್ ತಿರುಗಿಸಿ ತೋರಿಸಿದರು. ರಕ್ತ ಹುಟ್ಟಿಸುವ ಜೀವಕೋಶಗಳು ಕಿಕ್ಕಿರಿದಿರಬೇಕಾದ ಜಾಗದಲ್ಲಿ ಬರೀ ಕೊಬ್ಬಿನ ಬಿಳಿ ಗುಳ್ಳೆಗಳು. ಇಂಥದೇ ಚಿತ್ರವನ್ನು ನಾನು ಹಿಂದಿನ ವರ್ಷ ಜೂನಿಯರ್‌ಗಳಿಗೆ ಪಾಠದಲ್ಲಿ ತೋರಿಸಿದ್ದೆ.

ಇದು ನನ್ನದು.

ವೆರಿ ಸಿವಿಯರ್ ಅಪ್ಲಾಸ್ಟಿಕ್ ಅನೀಮಿಯಾ. ನನ್ನ ಅಸ್ಥಿಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಏಕೆಂದು ಅವರಿಗೂ ಗೊತ್ತಿರಲಿಲ್ಲ. ಹೊಂದುವವರೊಬ್ಬರ ಮಜ್ಜೆ ತಂದು ಕಸಿ ಮಾಡಬೇಕು ಎಂದರು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, "ನೀನು ಓದ್ತಿರೋದೇ ಅದಲ್ವೇನಮ್ಮ? ಹೋಗಿದ್ದನ್ನ ಮತ್ತೆ ಬೆಳೆಸೋದು?" ಎಂದರು.

"ಅದು ಮೀನಿಂದು ಅಪ್ಪಾ."

ಅಮ್ಮ ತೀರಿಕೊಂಡು ವರ್ಷಗಳಾಗಿವೆ. ನನಗೆ ಈ ದೇಶದಲ್ಲಿ ಇದ್ದವಳು ಅಕ್ಕ. ಅವಳು, ಭಾವ ನ್ಯೂಜೆರ್ಸಿಯಲ್ಲೇ, ವೆಸ್ಟ್ ವಿಂಡ್ಸರ್‌ನಲ್ಲಿದ್ದಾರೆ. ಅಕ್ಕನ ಮಜ್ಜೆ ನನ್ನದಕ್ಕೆ ಪೂರ್ತಿ ಹೊಂದುತ್ತದೆ ಎಂದು ಟೆಸ್ಟಿನಲ್ಲಿ ಬಂದ ದಿನ ಡಾಕ್ಟರೂ ನಕ್ಕರು. "ಚಿಕ್ಕೋಳಿದ್ದಾಗ ನನ್ನ ಬಟ್ಟೆ ಎಲ್ಲಾ ಹಾಕ್ಕೊಂಡು ಮುಗಿಸ್ದೆ, ಈಗ ಇದೂ ಬೇಕೇನೆ ನಿಂಗೆ?" ಎಂದು ಅಕ್ಕ ನನ್ನ ಪಾದ ಒತ್ತಿದಳು. ಡೋನರ್ ಚೆಕಪ್‌ಗೆ ಹೋದಳು. ಎರಡು ದಿನ ನನಗೆ ಫೋನು ಮಾಡಲಿಲ್ಲ. ಆಮೇಲೆ ಮಾಸ್ಕ್ ಹಾಕಿಕೊಂಡು ಬಂದು ಬಾಗಿಲ ಹತ್ತಿರವೇ ನಿಂತಳು.

ಅಕ್ಕ ಗರ್ಭಿಣಿ.

ಎಷ್ಟೋ ವರ್ಷ ಕಾದಿದ್ದಳು. ಐವಿಎಫ್ ಮೇಲೆ ಐವಿಎಫ್ ಸೋತು, ಇನ್ನು ಸಾಕು ಎಂದು ಇಬ್ಬರೂ ಕೈಬಿಟ್ಟಿದ್ದರು. ಚೆಕಪ್‌ನಲ್ಲಿ ಮಾಮೂಲಿಯಾಗಿ ಮಾಡುವ ಪರೀಕ್ಷೆಯಲ್ಲಿ ತಿಳಿಯಿತು. ಗರ್ಭಿಣಿಯಿಂದ ಮಜ್ಜೆ ತೆಗೆಯುವುದಿಲ್ಲ.

"ಇನ್ನೂ ಶುರು ಅಷ್ಟೇ ಕಣೆ," ಎಂದಳು ಅಕ್ಕ. "ನಿಮ್ಮ ಭಾವನ ಹತ್ರಾನೂ ಮಾತಾಡ್ದೆ. ನೀನು ಹೂಂ ಅಂದ್ರೆ..."

"ಅಕ್ಕಾ, ಅದನ್ನ ಬಾಯಿಬಿಟ್ಟು ಹೇಳ್ಬೇಡ."

ಅವಳು ಹೇಳಲಿಲ್ಲ. ಕುರ್ಚಿಯಲ್ಲಿ ಕೂತು ಮಾಸ್ಕ್ ಒದ್ದೆಯಾಗುವಷ್ಟು ಅತ್ತಳು. ಬೇಡ ಅಂದವಳು ನಾನೇ. ಆದರೆ ಹೇಗಾದರೂ ಸರಿ, ಬದುಕಬೇಕು ಎಂಬ ಆಸೆ ಆ ಗಳಿಗೆಯಲ್ಲೂ ನನ್ನೊಳಗೆ ಹಲ್ಲು ಕಚ್ಚಿಕೊಂಡು ಕೂತಿತ್ತು. ಎರಡೂ ನಿಜ. ಕಾಯಿಲೆ ಬರುವ ತನಕ ಒಬ್ಬರೊಳಗೇ ಇವೆರಡೂ ಒಟ್ಟಿಗೆ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮಜ್ಜೆ ದಾನಿಗಳ ರಿಜಿಸ್ಟ್ರಿಯಲ್ಲಿ ಹುಡುಕಿದರು. ನಮ್ಮ ಕಡೆಯವರು ಅದರಲ್ಲಿ ಹೆಸರು ಬರೆಸಿರುವುದು ಕಡಿಮೆ, ಹೊಂದುವವರು ಸಿಗಲಿಲ್ಲ. ಕುದುರೆಯ ರಕ್ತದಿಂದ ಮಾಡಿದ ಔಷಧಿ ಕೊಟ್ಟು, ಮಜ್ಜೆ ತಾನಾಗಿ ಚೇತರಿಸಿಕೊಳ್ಳುತ್ತದೆಯೇ ಎಂದು ಕಾದರು. ಆ ಔಷಧಿಗೆ ಮೈಯೆಲ್ಲ ನಡುಗಿ ಮಂಚ ಗಡಗಡ ಅನ್ನುತ್ತಿತ್ತು. ವಾರಗಳು ಕಳೆದವು. ಯಾರದೋ ರಕ್ತ, ಯಾರದೋ ಪ್ಲೇಟ್‌ಲೆಟ್ ಏರಿಸಿಕೊಂಡು ದಿನ ದೂಡಿದೆ. ನನ್ನದು ಅಂತ ಒಂದು ಹನಿಯೂ ಹುಟ್ಟಲಿಲ್ಲ.

ಆಮೇಲೆ ಜ್ವರ. ಎಡಗೆನ್ನೆ ನೋಯತೊಡಗಿತು, ಮೂಗಿನೊಳಗೆ ಕಪ್ಪು ಕಲೆ. ಫಂಗಸ್ ಎಂದರು. ನನ್ನಲ್ಲಿ ತಡೆಯುವ ಬಿಳಿ ರಕ್ತಕಣಗಳಿರಲಿಲ್ಲವಲ್ಲ, ಅದು ಕಣ್ಣಿನ ಹಿಂಭಾಗದ ತನಕ ಹಬ್ಬಿತ್ತು. ಅವತ್ತೇ ಆಪರೇಷನ್. ಎಚ್ಚರವಾದಾಗ ನರ್ಸಿಗೆ, "ಎಡಗಣ್ಣಿನ ಬ್ಯಾಂಡೇಜ್ ಯಾವಾಗ ತೆಗೀತೀರಿ?" ಎಂದೆ. ಅವಳು ಮಂಚದ ಕಂಬಿ ಹಿಡಿದು ಬಗ್ಗಿದಳು.

"ಅಲ್ಲಿ ಬ್ಯಾಂಡೇಜ್ ಇಲ್ಲ."

ಫಂಗಸ್ ಕಣ್ಣಿನ ರಕ್ತನಾಳವನ್ನೇ ಮುಚ್ಚಿಬಿಟ್ಟಿತ್ತು.

ಇನ್ನು ಕಾಯುವ ಹಾಗಿರಲಿಲ್ಲ. ಅಪ್ಪ ಅಮ್ಮ ಯಾರಾದರೂ ಸರಿ, ಮಕ್ಕಳಿಗೆ ಅರ್ಧ ಹೊಂದೇ ಹೊಂದುತ್ತಾರೆ. ಅರ್ಧ ಹೊಂದುವವರಿಂದಲೂ ಈಗ ಟ್ರಾನ್ಸ್‌ಪ್ಲಾಂಟ್ ಮಾಡುತ್ತಾರೆ. ಆಸ್ಪತ್ರೆಯ ಪತ್ರ ತೋರಿಸಿ ತುರ್ತಾಗಿ ವೀಸಾ ಮಾಡಿಸಿಕೊಂಡು ಅಪ್ಪ ಬಂದರು. ಇಂಜೆಕ್ಷನ್ ಅಂದರೆ ಮುಖ ತಿರುಗಿಸುವ ಮನುಷ್ಯ. ನನ್ನ ಮುಖ ನೋಡಿದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟರು. ಬಹಳ ಹೊತ್ತು ನೀರು ಹರಿಯಿತು.

"ಅರ್ಧ ಸಾಕಾಗುತ್ತಾ ಡಾಕ್ಟ್ರೇ?" ಎಂದು ಆಮೇಲೆ ಕೇಳಿದರು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು.

"ಸಾಕಾಗಲೇಬೇಕು," ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ. ಕೊಡದಿದ್ದದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಕಸಿಗೆ ಮೊದಲು ಕೊಡುವ ಔಷಧಿಗಳಿಂದಾಗಿ ಮುಂದೆ ನನಗೆ ಮಕ್ಕಳಾಗುವುದು ಬಹುಶಃ ಇಲ್ಲ ಎಂದೂ ಹೇಳಿದರು. ಅಂಡಾಣು ತೆಗೆದಿಡುವಷ್ಟು ಪುರುಸೊತ್ತು ಇರಲಿಲ್ಲ. ಅಪ್ಪನ ಎದುರು ಈ ಮಾತನ್ನು ಅಕ್ಕ ಕನ್ನಡಕ್ಕೆ ತರಲಿಲ್ಲ. ತನ್ನ ಹೊಟ್ಟೆಯ ಮೇಲಿದ್ದ ಕೈ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಳು.

ಕೀಮೋ, ರೇಡಿಯೇಷನ್. ಆಮೇಲೆ ಒಂದು ಚೀಲದಲ್ಲಿ ಅಪ್ಪನ ಮಜ್ಜೆ ಬಂತು. ನೋಡಲು ಸಾಮಾನ್ಯ ರಕ್ತದ ಹಾಗೇ ಇತ್ತು, ಹನಿಹನಿಯಾಗಿ ಇಳಿಯಿತು. ಅಪ್ಪ ಮೇಲಿನ ಅಂತಸ್ತಿನಲ್ಲಿ ಸೊಂಟಕ್ಕೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದರು. ನಂತರದ ದಿನಗಳ ನೆನಪು ಚೂರುಚೂರು. ಬಾಯಿಯ ಹುಣ್ಣು. ಎಂಜಲು ನುಂಗಲಾಗದೆ ಬಟ್ಟಲಿಗೆ ಉಗುಳಿದ್ದು. ಸಾಯುವುದಾದರೆ ಇವತ್ತೇ ಆಗಲಿ ಎಂದು ಅನ್ನಿಸಿದ್ದು, ಒಮ್ಮೆ ಅಲ್ಲ.

ಒಂದು ಬೆಳಿಗ್ಗೆ ಡಾಕ್ಟರು ಬಂದು, ಬಿಳಿ ಕಣಗಳು ಕಾಣಿಸಿಕೊಂಡಿವೆ ಎಂದರು. ಎಲ್ಲವೂ ಅಪ್ಪನವು. ಓ ಗುಂಪಿನವಳಾಗಿದ್ದ ನಾನು ಕ್ರಮೇಣ ಅಪ್ಪನ ಬಿ ಗುಂಪಿಗೆ ಸೇರಿದೆ.

ತಿಂಗಳುಗಳಾದ ಮೇಲೆ ಲ್ಯಾಬಿಗೆ ಹೋದೆ. ಮೈಕ್ರೋಸ್ಕೋಪಿನ ಕೆಳಗೆ ಚಿಮುಟ ಹಿಡಿದೆ. ಕೈ ನಡುಗಲಿಲ್ಲ. ಆದರೆ ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ತುದಿ ಮೀನನ್ನು ಕೂರಿಸಿದ್ದ ಸ್ಪಂಜಿಗೆ ಚುಚ್ಚಿತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಸ್ಪಂಜು. ನನ್ನ ಗೈಡ್ ಪಕ್ಕದಲ್ಲೇ ನಿಂತಿದ್ದರು. "ನಿನಗೆ ಸುಳ್ಳು ಹೇಳಲಾರೆ. ಆ ಪ್ರಾಜೆಕ್ಟನ್ನು ಇನ್ನೊಬ್ಬ ವಿದ್ಯಾರ್ಥಿಗೆ ಕೊಡಬೇಕಾಯಿತು," ಎಂದರು. ಈಗ ಬೇರೆಯವರು ಕತ್ತರಿಸಿದ ಹೃದಯಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಳೆದು ಥೀಸಿಸ್ ಬರೆಯುತ್ತಿದ್ದೇನೆ. ಪಿಎಚ್‌ಡಿಗಲ್ಲ, ಮಾಸ್ಟರ್ಸ್‌ಗೆ.

ಅಷ್ಟರಲ್ಲಿ ಅಕ್ಕನಿಗೆ ಹೆಣ್ಣುಮಗುವಾಗಿತ್ತು. ಅಪ್ಪ ಮೊಮ್ಮಗಳನ್ನು ನೋಡಿಕೊಂಡೇ ಊರಿಗೆ ಹೊರಟರು. ಅವರು ಊರು ಸೇರಿದ ವಾರವೇ ಮೈಸೂರಿನಿಂದ ಸೋದರತ್ತೆ ಫೋನು ಮಾಡಿದ್ದರು. "ಆ ಮಗು ಒಂದು ವರ್ಷ ತಡವಾಗಿ ಬಂದಿದ್ರೆ ನಿನ್ನ ಕಣ್ಣು ಉಳೀತಿತ್ತು ನೋಡು," ಎಂದರು. ಫೋನು ಸ್ಪೀಕರಿನಲ್ಲಿತ್ತು. ಊಟ ತಂದಿದ್ದ ಅಕ್ಕ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದಳು.

ಅವತ್ತಿನಿಂದ ಅವಳು ಮಗುವನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಬರತೊಡಗಿದಳು. ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದಾರೆ ಅಂದರೂ, "ಇನ್ನೂ ಇನ್ಫೆಕ್ಷನ್ ಭಯ ಅಲ್ವಾ," ಎಂದು ತಪ್ಪಿಸಿದಳು. ಅವಳ ಭಯ ಇನ್ಫೆಕ್ಷನ್ನಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ಭಾನುವಾರ ಅಕ್ಕನ ಮನೆಗೆ ನಾನೇ ಹೊರಟೆ. ಕಾಯಿಲೆಯ ನಂತರ ಒಬ್ಬಳೇ ಟ್ರೇನ್ ಹತ್ತಿದ್ದು ಅದೇ ಮೊದಲು. ಎಡಕ್ಕೆ ಯಾರಿದ್ದಾರೆ ಎಂದು ಪ್ರತಿಸಲ ಕತ್ತು ತಿರುಗಿಸಿ ನೋಡಬೇಕು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದು ಕ್ಯಾಬ್ ಹಿಡಿದೆ. ಬಾಗಿಲು ತೆಗೆದವಳು ಅಕ್ಕ, ಮಗು ಹೆಗಲ ಮೇಲಿತ್ತು.

"ಕೊಡು," ಎಂದೆ.

"ನಿಂಗೆ... ಬೇಜಾರಾಗಲ್ವೇನೆ?"

"ಆಗುತ್ತೆ. ಕೊಡು ಅಕ್ಕಾ."

ಮುಂದೆ ಏನು ಎಂದು ನನಗೆ ಗೊತ್ತಿಲ್ಲ. ಅಪ್ಪನ ಮಜ್ಜೆ ಇವತ್ತು ಕೆಲಸ ಮಾಡುತ್ತಿದೆ. ನಾಳೆಯ ಮಾತನ್ನು ಡಾಕ್ಟರೂ ಆಡುವುದಿಲ್ಲ. ಕಣ್ಣು ಹೋಗಿದೆ, ಅದು ಬೆಳೆಯುವುದಿಲ್ಲ. ಇಷ್ಟಾದರೂ, ಅಕ್ಕ ಅವತ್ತು ಆ ಮಾತು ಮುಗಿಸದಿದ್ದದ್ದು ಒಳ್ಳೆಯದಾಯಿತು ಎಂದು ಮಗು ತೋಳಿಗೆ ಬಂದಾಗ ಅನ್ನಿಸಿತು.

ಮಗು ಕೈ ಚಾಚಿದ್ದು ನನಗೆ ಕಾಣಲಿಲ್ಲ, ಎಡಗಡೆಯಿಂದ ಚಾಚಿತ್ತು. ಕೆನ್ನೆಗೆ ಒದ್ದೆ ಬೆರಳು ತಗುಲಿದಾಗಲೇ ತಿಳಿದದ್ದು.

"ಭಾರ ಇದಾಳೆ ಕಣಕ್ಕಾ," ಎಂದೆ.