ಸೋಯಾ ವಡಿಯ ಸಹವಾಸ

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು, ‘ಇದು ಥೇಟು ಮಟನ್ನಿನ ಹಾಗೇ ಇರುತ್ತದೆ’ ಎಂದು ಪುಣೆಯ ಅಂಗಡಿ ಅಂಗಡಿಗೆ ಹೇಳಿಕೊಂಡು ತಿರುಗಿ ಸಂಸಾರ ಸಾಗಿಸಿದವನು. ನಿನಗೆ ಹೇಗೆ ಗೊತ್ತು ಎಂದು ಮೊದಮೊದಲು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಇದ್ದದ್ದು ಒಂದೇ ಉತ್ತರ: ಕಂಪನಿಯವರು ಹೇಳಿದ್ದಾರೆ. ಕಂಪನಿಯಲ್ಲಿ ಆ ವಾಕ್ಯವನ್ನು ಬರೆದ ಮುಂಬಯಿಯ ಸಾಹೇಬರು ಈರುಳ್ಳಿಯನ್ನೂ ತಿನ್ನದವರೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಮಾರುತ್ತಿದ್ದದ್ದು ಸೋಯಾ ವಡಿ. ತೊಂಬತ್ತರ ದಶಕದ ಆರಂಭದಲ್ಲಿ ಬಾಗಲಕೋಟೆಯಿಂದ ಕೆಲಸ ಹುಡುಕಿಕೊಂಡು ಬಂದವನಿಗೆ ಸಿಕ್ಕಿದ ನೌಕರಿ ಅದು. ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದಲ್ಲ, ಅದರ ಬಹುಪಾಲು ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಉಳಿದದ್ದನ್ನು ಯಂತ್ರದಲ್ಲಿ ಬೇಯಿಸಿ, ಒತ್ತಿ, ಉಬ್ಬಿಸಿ ಮನುಷ್ಯರಿಗಾಗಿ ವಡಿ ಮಾಡುತ್ತಾರೆ. ನೋಡಲು ಒಣಗಿದ ಸ್ಪಂಜು. ನೀರಿಗೆ ಹಾಕಿದರೆ ಉಬ್ಬುತ್ತದೆ, ಹಿಂಡಿದರೆ ಕುಗ್ಗುತ್ತದೆ, ಯಾವ ಮಸಾಲೆಗೆ ಹಾಕಿದರೂ ಅದರ ಮಾತು ಕೇಳುತ್ತದೆ. ಇಷ್ಟು ವಿಧೇಯವಾದ ಪದಾರ್ಥವನ್ನು ಜನ ಯಾಕೆ ಒಲ್ಲೆನ್ನುತ್ತಾರೆ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಮಾರ್ಕೆಟ್ ಯಾರ್ಡಿನ ಮಲ್ಲಪ್ಪಣ್ಣ. ವಿಜಾಪುರದ ಕಡೆಯವರು, ಬೇಳೆಕಾಳಿನ ದೊಡ್ಡ ವ್ಯಾಪಾರಿ. ಹೊರಗೆ ಹಮಾಲರೊಡನೆ ಮರಾಠಿಯಲ್ಲಿ ಗದರುತ್ತಿದ್ದವರು ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು.

“ಬಸವರಾಜ, ಕುಂಡ್ರು. ಚಾ ಕುಡಿ. ಆದ್ರ ನಿನ್ನ ವಡಿ ಬ್ಯಾಡ.”

“ಯಾಕ್ರಿ ಅಣ್ಣಾರ?”

“ಮಟನ್ ತಿನ್ನಾಂವ ಮಟನ್ ಬಿಟ್ಟು ಇದನ್ಯಾಕ ತಿಂತಾನ? ತಿನ್ನದಾಂವಗ ನೀ ಮಟನ್ ಹಂಗ ಅದ ಅಂದ್ರ ಅಂವ ವಾಂತಿ ಮಾಡ್ಕೋತಾನ. ಇನ್ನ ಉಳಿದಾವ್ರ ಯಾರೋ?”

ಉಳಿದವರನ್ನು ಹುಡುಕುತ್ತ ನಾನು ಸ್ಕೂಟರಿನ ಮೇಲೆ ಊರು ಸುತ್ತಿದೆ. ಸಂಜೆ ಕೋಥರೂಡದ ಮನೆಗೆ ಬರುವಾಗ ಭುಜಕ್ಕೆ ನೇತುಹಾಕಿದ ಮಾದರಿ ಚೀಲ ಹೋಗುವಾಗ ಇದ್ದಷ್ಟೇ ಭಾರವಿರುತ್ತಿತ್ತು. ಮನೆಯಲ್ಲೂ ಅದಕ್ಕೆ ಒಳಗೆ ಪ್ರವೇಶವಿರಲಿಲ್ಲ. ದಿನಾ ವಿಭೂತಿ ಧರಿಸಿ ಲಿಂಗಪೂಜೆ ಮಾಡಿಕೊಂಡೇ ತುತ್ತು ಎತ್ತುವ ನನ್ನ ಅವ್ವ ಪೊಟ್ಟಣದ ಮೇಲಿನ ಕೆಂಪು ಸಾರಿನ ಬಟ್ಟಲಿನ ಚಿತ್ರವನ್ನು ಒಮ್ಮೆ ನೋಡಿದವಳೇ, “ಅದು ಏನರ ಇರವಲ್ದ್ಯಾಕ, ನೋಡಾಕ ಹಂಗ ಕಾಣ್ತದ. ನಮ್ಮ ಒಲಿ ಮ್ಯಾಲ ಬ್ಯಾಡ” ಎಂದಿದ್ದಳು. ಚೀಲ ಹೊರಗಿನ ಚಪ್ಪಲಿಯ ಕಪಾಟಿನ ಮೇಲೆ ಮಲಗುತ್ತಿತ್ತು.

ಮನುಷ್ಯ ತಾನಾಗಿ ಬಿಟ್ಟದ್ದರ ರೂಪವನ್ನೇ ಬೇರೆ ಕಡೆ ಹುಡುಕುವ ಪ್ರಾಣಿ ಎಂದು ನನಗೆ ಆಗಾಗ ಅನಿಸುವುದುಂಟು. ಪುಣೆಯ ಉಪವಾಸವನ್ನೇ ನೋಡಿ. ಅಕ್ಕಿ ಬಿಟ್ಟವರು ವರಿ ಎಂಬ ಕಿರುಧಾನ್ಯವನ್ನು ಅನ್ನದಂತೆಯೇ ಬೇಯಿಸಿ, ಶೇಂಗಾದ ಸಾರು ಸುರಿದುಕೊಳ್ಳುತ್ತಾರೆ. ಉಪವಾಸದ ಥಾಲಿಪೀಟು ಉಂಟು, ಉಪವಾಸದ ಚಿವಡಾ ಉಂಟು, ಸಾಬೂದಾಣಿ ವಡೆಯಂತೂ ಇದ್ದೇ ಇದೆ. ಹಲಸಿನ ಎಳೆಗಾಯನ್ನು ಮಸಾಲೆಯಲ್ಲಿ ಮಟನ್ನಿನಂತೆ ಬೇಯಿಸಿ ಕಣ್ಣು ಮಿಟುಕಿಸಿ ಬಡಿಸುವ ಮನೆಗಳನ್ನೂ ಕಂಡಿದ್ದೇನೆ. ಹೀಗಿರುವಾಗ ನನ್ನ ವಡಿಗೆ ಮಾತ್ರ ಯಾಕೆ ಈ ಗತಿ ಎಂದು ಸಿಗ್ನಲ್ಲಿನಲ್ಲಿ ನಿಂತು ಯೋಚಿಸುತ್ತಿದ್ದೆ. ಹಿಂದಿನವರು ಹಾರ್ನ್ ಬಾರಿಸಿದಾಗ ಯೋಚನೆ ಮುಗಿಯುತ್ತಿತ್ತು.

ಹಾಗಿರುವಾಗ ನಮ್ಮ ವಸತಿ ಸೊಸಾಯಿಟಿಯ ಜಾಧವರಿಗೆ ಹೃದಯಾಘಾತವಾಯಿತು. ನಮ್ಮದು ಎರಡನೆಯ ಮಹಡಿ, ಅವರದು ಕೆಳಗಿನ ಮೊದಲ ಮಹಡಿ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಗಡಿಯ ಜತ್ತ ಕಡೆ ಹುಟ್ಟಿ ಬೆಳೆದದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಭಾನುವಾರ ಅವರ ಮನೆಯ ಮಟನ್ ರಸ್ಸಾದ, ಆ ಖಾರದ ಸಾರಿನ, ಘಾಟು ಮೇಲಕ್ಕೆ ಬಂದರೆ ಅವ್ವ ಊದುಬತ್ತಿ ಹಚ್ಚುತ್ತಿದ್ದಳು. ಅವರಿಗೆ ಅದು ಗೊತ್ತಿತ್ತು; ಮೆಟ್ಟಿಲಲ್ಲಿ ಸಿಕ್ಕಾಗ, “ಅವ್ವಾರ, ಇವತ್ತ ಎಷ್ಟು ಊದುಬತ್ತಿ ಆದೂ?” ಎಂದು ಕೇಳುತ್ತಿದ್ದರು. ಅವ್ವ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಜಾಧವರಿಗೆ ಡಾಕ್ಟರು ಮಟನ್ ಬಂದ್ ಮಾಡಿದರು. ಅವರು ಅದರ ಜೊತೆಗೆ ಉಳಿದದ್ದನ್ನೂ ಬಂದ್ ಮಾಡಿದರು. ತಟ್ಟೆಯ ಮುಂದೆ ಕೂತು ಜೋಳದ ಭಾಕರಿಯನ್ನು ಮುರಿದು ಮುರಿದು ಇಟ್ಟು ಎದ್ದುಬಿಡುವರು. ಗಟ್ಟಿಮುಟ್ಟಾದ ಮನುಷ್ಯ, ಅಂಗಿ ಗೂಟಕ್ಕೆ ಹಾಕಿದಂತೆ ಕಾಣತೊಡಗಿದರು. ಅವರ ಹೆಂಡತಿ ಸುಶೀಲಾ ವಹಿನಿ ಒಂದು ದಿನ ಮೇಲೆ ಬಂದು, ನಿಮ್ಮ ಆ ವಡಿ ಒಂದು ಪೊಟ್ಟಣ ಕೊಡಿ, ಡಾಕ್ಟರು ಸ್ವಲ್ಪ ಮಟನ್ ತಿನ್ನಬಹುದು ಅಂದರೆಂದು ಇವರಿಗೆ ಸುಳ್ಳು ಹೇಳಿ ಇದರದೇ ರಸ್ಸಾ ಮಾಡಿ ಬಡಿಸುತ್ತೇನೆ ಎಂದು ನನಗೂ ನನ್ನ ಹೆಂಡತಿ ಗಿರಿಜೆಗೂ ಮರಾಠಿಯಲ್ಲಿ ಪಿಸುಗುಟ್ಟಿದರು. ನಾನು ದೊಡ್ಡ ಪೊಟ್ಟಣವನ್ನೇ ಕೊಟ್ಟೆ.

ಮಧ್ಯಾಹ್ನ ಕೆಳಗಿನಿಂದ ಕರೆ ಬಂತು. ಜಾಧವರ ಮುಂದೆ ಕೆಂಪು ರಸ್ಸಾದ ಬಟ್ಟಲಿತ್ತು. ಒಂದು ವಡಿಯನ್ನು ಅರ್ಧ ಕಚ್ಚಿ ತಟ್ಟೆಯ ಅಂಚಿಗೆ ಇಟ್ಟಿದ್ದರು.

“ಬಸವರಾಜ ಅವರ, ನೀವು ಎಂದರ ಮಟನ್ ತಿಂದೀರೇನು?”

“ಇಲ್ರಿ.”

“ಮತ್ತ ಇದು ಹಂಗ ಅದ ಅಂತ ಹ್ಯಾಂಗ ಹೇಳ್ತೀರಿ?”

“ಕಂಪನಿಯವರು ಹೇಳ್ಯಾರ್ರಿ.”

“ನನಗ ಅಟ್ಯಾಕ್ ಬಂದದ್ದು ಎದಿಗೆ. ನಾಲಿಗಿಗೆ ಬಂದಿಲ್ಲ,” ಎಂದು ಜಾಧವರು ಬಟ್ಟಲನ್ನು ಸರಿಸಿ ಒಳಗೆ ಹೋಗಿ ಮಲಗಿದರು. ವಹಿನಿ ಸೌಟು ಹಿಡಿದು ನಿಂತೇ ಇದ್ದರು. ಆ ಹೊತ್ತು ನನ್ನ ವೃತ್ತಿಯ ಬಗ್ಗೆ ನನಗೆ ಬಂದಷ್ಟು ಬೇಸರ ಯಾವ ಅಂಗಡಿಯವನು ಹೊರಗೆ ಹಾಕಿದಾಗಲೂ ಬಂದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಮೊದಲ ಮೆಟ್ಟಿಲ ಮೇಲೆ ಜಾಧವರು ಕೂತಿದ್ದಾರೆ. ಮುಖವೆಲ್ಲ ಬೆವರು. ಪಕ್ಕದಲ್ಲಿ ಒಂದು ಕರಿ ಪ್ಲಾಸ್ಟಿಕ್ ಚೀಲ. ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಯಾರಿಗೂ ಹೇಳದೆ ಮಟನ್ ಅಂಗಡಿಗೆ ನಡೆದುಹೋಗಿ ಬಂದಿದ್ದರು. ಬಂದವರಿಗೆ ಮೆಟ್ಟಿಲು ಹತ್ತಲು ಕಸುವಿರಲಿಲ್ಲ.

“ಚೀಲ ಹಿಡೀರಿ,” ಎಂದರು.

ಹಿಡಿದೆ. ಇನ್ನೂ ಬೆಚ್ಚಗಿತ್ತು. ಒಂದು ಕೈಯಲ್ಲಿ ಅದು, ಇನ್ನೊಂದು ಕೈ ಅವರ ಕಂಕುಳಲ್ಲಿ. ಹಾಗೇ ಎಬ್ಬಿಸುತ್ತಿರುವಾಗ ಎದುರಿಗೆ ಅವ್ವ. ಕಾಂಪೌಂಡಿನ ದಾಸವಾಳ ಕಿತ್ತು ಸೆರಗಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಚೀಲ ನೋಡಿದಳು, ನನ್ನನ್ನು ನೋಡಿದಳು, ಜಾಧವರ ಮುಖ ನೋಡಿದಳು. ಹೂವನ್ನು ಕಟ್ಟೆಯ ಮೇಲೆ ಸುರಿದು ಅವರ ಇನ್ನೊಂದು ತೋಳಿಗೆ ಕೈ ಕೊಟ್ಟಳು. ಮೂವರೂ ಒಂದೊಂದೇ ಮೆಟ್ಟಿಲು ಹತ್ತಿದೆವು.

ಬಾಗಿಲು ತೆಗೆದ ವಹಿನಿ ಚೀಲ ನೋಡಿದವರೇ ಅಳತೊಡಗಿದರು. ನಿಮಗೆ ತಿನ್ನುವುದು ಬೇಕೋ ಬದುಕುವುದು ಬೇಕೋ ಎಂದು ಮರಾಠಿಯಲ್ಲಿ ಕೇಳಿದರು. ಜಾಧವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, ಕನ್ನಡದಲ್ಲಿ, ಬಹುಶಃ ಅವ್ವನಿಗೆ, ಉತ್ತರ ಕೊಟ್ಟರು: “ಎಲ್ಲಾರೂ ಸೇರಿ ಸಣ್ಣ ಹುಡುಗಗ ಮಾಡಿದಂಗ ಮಾಡಾಕತ್ತಾರ್ರಿ ಅವ್ವಾರ. ಒಂದು ಹೆಸರು ಹೇಳಿ ಇನ್ನೊಂದು ಉಣಸ್ತಾರ.”

ಡಾಕ್ಟರು ಬಂದು ನೋಡಿ, ಬರೀ ನಿಶ್ಶಕ್ತಿ, ಹೊಟ್ಟೆಗೆ ಸರಿಯಾಗಿ ತಿನ್ನಲಿ ಎಂದು ಹೇಳಿಹೋದರು. ವಹಿನಿ ಚೀಲವನ್ನು ವಾಚ್‌ಮನ್ನನ ಮನೆಗೆ ಕೊಟ್ಟರು. ನಾನು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದಾಗ ಅವ್ವ ಹಿಂದೆ ಬಂದು ನಿಂತಳು.

“ಆ ನಿನ್ನ ವಡಿ ಹ್ಯಾಂಗ ನೆನಿ ಹಾಕ್ತಾರೋ?”

ನಾನೂ ಗಿರಿಜೆಯೂ ಮುಖ ಮುಖ ನೋಡಿಕೊಂಡೆವು. ಚಪ್ಪಲಿ ಕಪಾಟಿನ ಮೇಲಿನ ಪೊಟ್ಟಣ ಅಡಿಗೆಮನೆಗೆ ಬಂತು. ಅವ್ವ ಬಿಸಿನೀರಿನಲ್ಲಿ ನೆನೆಹಾಕಿ ಹಿಂಡಿದಳು, ಮತ್ತೆ ನೆನೆಹಾಕಿ ಮತ್ತೆ ಹಿಂಡಿದಳು, ಅದರ ವಾಸನೆ ಹೋಗುವ ತನಕ. ಶೇಂಗಾ, ಎಳ್ಳು, ಗುರೆಳ್ಳು ಹುರಿದು ಕುಟ್ಟಿದಳು. ಹುಣಸೆರಸ, ತುಸು ಬೆಲ್ಲ, ಮನೆಯ ಮಸಾಲೆ ಖಾರ. ಬದನೆಕಾಯಿ ಎಣ್ಣೆಗಾಯಿಗೆ ಏನೇನು ಬೇಕೋ ಅಷ್ಟೂ, ಎಣ್ಣೆಯೊಂದು ಕಡಿಮೆ. ತಾನು ಮಾತ್ರ ರುಚಿ ನೋಡಲಿಲ್ಲ. ಉಪ್ಪನ್ನು ಅಂದಾಜಿನ ಮೇಲೆ ಹಾಕಿದಳು. ಬಿಸಿ ಜೋಳದ ರೊಟ್ಟಿಯ ಜೊತೆ ಡಬ್ಬಿ ಹಿಡಿದು ತಾನೇ ಕೆಳಗಿಳಿದಳು. ನಾನು ಹಿಂದೆ ಹೋದೆ.

“ಇದು ಮಟನ್ ಅಲ್ಲರಿ,” ಎಂದು ಅವ್ವ ಡಬ್ಬಿ ತೆರೆದಳು. “ಮಟನ್ ಹಂಗೂ ಇಲ್ಲ. ವಡಿ ಪಲ್ಯ. ಬ್ಯಾಡ ಅನಿಸಿದ್ರ ಬಿಡ್ರಿ, ನನಗೇನೂ ಸಿಟ್ಟಿಲ್ಲ.”

ಜಾಧವರು ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಇನ್ನೊಂದು ತುತ್ತು ಮುರಿದರು. ಆ ರೊಟ್ಟಿ ಮುಗಿದ ಮೇಲೆ ಡಬ್ಬಿಯೊಳಗೆ ಇಣುಕಿ ನೋಡಿ, “ಉಪ್ಪು ಕಡಿಮಿ ಆಗೇದ್ರಿ ಅವ್ವಾರ. ಇನ್ನೊಂದು ರೊಟ್ಟಿ ಅದ ಏನು?” ಎಂದರು. ವಹಿನಿ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದರು. ಅಂದಿನಿಂದ ಭಾನುವಾರದ ಡಬ್ಬಿ ಇಳಿಯುವುದು ರೂಢಿಯಾಯಿತು. ಅವ್ವ ಇರುವವರೆಗೆ ಅವ್ವ, ಅವಳ ತರುವಾಯ ಗಿರಿಜೆ. ಜಾಧವರ ಅಂಗಿ ಮತ್ತೆ ಮೈಗೆ ಸರಿಯಾಗಿ ಕೂತಿತು.

ಈ ಅನುಭವದ ಬಲದಿಂದ, ಮಟನ್ನಿನ ಮಾತು ಬಿಡೋಣ, ವಡಿಯನ್ನು ವಡಿ ಎಂದೇ ಮಾರೋಣ ಎಂದು ಮುಂಬಯಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸಾಹೇಬರು ನಕ್ಕು, ಮುಂದಿನ ವಿಷಯಕ್ಕೆ ಹೋದರು. ನಾನು ಪುಣೆಗೆ ಮರಳುವ ಡೆಕ್ಕನ್ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತ ಬಂದೆ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಜನ ತಾವಾಗಿಯೇ ಬದಲಾದರು. ಅದರಲ್ಲಿ ನನ್ನ ಪಾಲೇನೂ ಇಲ್ಲ. ಹೋಟೆಲುಗಳಲ್ಲಿ ಕೊಚ್ಚಿದ ಮಾಂಸದ ಹೆಸರಿನಲ್ಲೇ ನಮ್ಮ ವಡಿಯ ವೆಜ್ ಖಿಮಾ ಬಂತು. ಹೆಸರು ಕೇಳಿದರೆ ಹೇಸುತ್ತಿದ್ದವರ ಮಕ್ಕಳಿಗೆ ಆ ಹೆಸರೇ ರುಚಿಯಾಯಿತು. ವ್ಯಾಯಾಮಶಾಲೆಗಳು ಹೆಚ್ಚಿದವು, ಪೊಟ್ಟಣದ ಮೇಲಿನ ರಸ್ಸಾದ ಬಟ್ಟಲು ಹೋಗಿ ತೋಳು ಉಬ್ಬಿಸಿದ ತರುಣ ಬಂದ. ಯೆರವಡಾದ ಕಡೆ ಐಟಿ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಬೆಂಗಳೂರಿನ ಹುಡುಗನೊಬ್ಬ ನನ್ನನ್ನು ನಿಲ್ಲಿಸಿ, “ಸರ್, ಇದ್ರಲ್ಲಿ ಪ್ರೋಟೀನ್ ಎಷ್ಟಿದೆ?” ಎಂದು ಕೇಳಿದ. ರುಚಿಯೂ ಚೆನ್ನಾಗಿರುತ್ತದೆ ಎಂದು ನಾನು ಶುರು ಮಾಡಿದರೆ, “ಟೇಸ್ಟ್ ಬಿಡಿ ಸರ್, ಅದೇನ್ ಮ್ಯಾಟರ್ ಆಗಲ್ಲ,” ಎಂದ. ರುಚಿಗಾಗಿ ಬೈಸಿಕೊಂಡ ಅಷ್ಟೂ ವರ್ಷಗಳನ್ನು ಅವನು ಒಂದೇ ಮಾತಿನಲ್ಲಿ ಒರೆಸಿ ಹಾಕಿದ. ಆಮೇಲೆ ಯಾವುದೋ ಪತ್ರಿಕೆಯ ಪುರವಣಿಯಲ್ಲಿ ಸೋಯಾ ಗಂಡಸರಿಗೆ ಒಳ್ಳೆಯದಲ್ಲವೆಂದು ಬಂದು ವ್ಯಾಪಾರ ಬಿದ್ದಿತು. ಇನ್ನೊಂದರಲ್ಲಿ ಹೆಂಗಸರಿಗೆ ಬಹಳ ಒಳ್ಳೆಯದೆಂದು ಬಂದು ಎದ್ದಿತು. ನಾನು ಎರಡೂ ದಿನ ಅದೇ ಚೀಲ ಹೊತ್ತು ಅದೇ ಮೆಟ್ಟಿಲು ಹತ್ತಿದೆ.

ಒಂದು ಭಾನುವಾರ ಆಹಾರ ಪ್ರದರ್ಶನದಲ್ಲಿ ನಮ್ಮ ಮಳಿಗೆ. ಬೆಳಗಿನಿಂದ ನಿಂತು ಕಡ್ಡಿಗೆ ಚುಚ್ಚಿದ ವಡಿಗಳನ್ನು ಹಂಚಿದೆ. ಜನ ತಿಂದರು, ‘ಛಾನ್ ಆಹೆ’, ಚೆನ್ನಾಗಿದೆ, ಎಂದರು, ಕಡ್ಡಿಯನ್ನು ನನ್ನ ಕೈಗೇ ಕೊಟ್ಟು ಮುಂದೆ ಹೋದರು. ಮಧ್ಯಾಹ್ನ ಸಹೋದ್ಯೋಗಿಗೆ ಒಪ್ಪಿಸಿ ಮನೆಗೆ ಬಂದರೆ ಬೀಗ. ಗಿರಿಜೆ ಭಜನೆಗೆ ಹೋಗಿದ್ದಳು, ಕೀಲಿಕೈ ಕೆಳಗಿನ ಮನೆಯಲ್ಲಿ. ಜಾಧವರ ಬಾಗಿಲು ತೆರೆದೇ ಇತ್ತು. ಒಳಗೆ ಹೋದೆ.

ಹೊಸ ಡಾಕ್ಟರು ತಿಂಗಳಿಗೊಮ್ಮೆ ಒಂದೆರಡು ತುಂಡು ಮಟನ್ ನಡೆಯುತ್ತದೆ ಎಂದಿದ್ದರಂತೆ. ವಹಿನಿ ಸಂಭ್ರಮದಿಂದ ಪಾತ್ರೆ ತುಂಬ ರಸ್ಸಾ ಮಾಡಿದ್ದರು. ಜಾಧವರು ಒಂದು ತುಂಡು ತಿಂದು, ಈಗಿನ ಹಲ್ಲಿಗೆ ಇದು ಆಗುವುದಿಲ್ಲವೆಂದು ಬದಿಗೆ ಸರಿಸಿ, ಗಿರಿಜೆ ಕೊಟ್ಟುಹೋದ ಡಬ್ಬಿಯ ವಡಿ ಪಲ್ಯಕ್ಕೆ ರೊಟ್ಟಿ ಹಚ್ಚಿ ತಿನ್ನುತ್ತಿದ್ದರು. ಅವರ ಎದುರಿಗೆ, ಕಾಲೇಜಿಗೆ ಹೋಗುವ ನನ್ನ ಮಗಳು ಅಶ್ವಿನಿ, ಅವರು ಸರಿಸಿದ ಮಟನ್ನನ್ನು ಬಟ್ಟಲಿಗೆ ಹಾಕಿಸಿಕೊಂಡು ಎಲುಬು ಚೀಪುತ್ತಿದ್ದಳು.

ಎಲ್ಲರೂ ನನ್ನತ್ತ ತಿರುಗಿದರು. ಅಶ್ವಿನಿ ಎಲುಬನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದಳು.

“ಅಪ್ಪಾ, ಕಾಕಾ ಒಬ್ರೇ ಉಣ್ಣಾಕತ್ತಿದ್ರು. ಅದಕ್ಕ…”

ಜಾಧವರು ನಡುವೆ ಬಾಯಿ ಹಾಕಿದರು: “ಹುಡುಗೀನ್ನ ಬೈಬ್ಯಾಡ್ರಿ. ಚಲೋ ಉಂಡಾಳ.”

ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ಕಾಲುಗಳು ನೋಯುತ್ತಿದ್ದವು. ಜೊತೆಗೆ, ಆ ಮೇಜಿನ ಮುಂದೆ ಇಬ್ಬರೂ ಹಸಿದವರಂತೆ ಉಣ್ಣುತ್ತಿದ್ದರು. ಅದನ್ನು ಕೆಡಿಸಲು ಯಾವ ಮಾತು ಹುಡುಕಲಿ? ಕುರ್ಚಿ ಎಳೆದು ಕೂತೆ. ವಹಿನಿ ಎರಡೂ ಪಾತ್ರೆಗಳನ್ನು ನೋಡಿ, ನನ್ನನ್ನು ನೋಡಿ, ಭಾವೋಜಿ ನಿಮಗೇನು ಬಡಿಸಲಿ ಎಂದು ಅಳುಕುತ್ತ ಕೇಳಿದರು.

“ವಹಿನಿ,” ಎಂದೆ, “ಒಂದಿಷ್ಟು ಮಜ್ಜಿಗೆ ಅನ್ನ ಇದ್ದರೆ ಹಾಕಿ. ಜೊತೆಗೆ ಏನೂ ಬೇಡ.”