ಜಯಮ್ಮನ ಮುಖಕ್ಕೆ ಹೊದಿಸಿದ್ದ ಒದ್ದೆ ಬಟ್ಟೆ

ನಾನು ನಿವೃತ್ತನಾಗಲು ಇನ್ನೆರಡು ವರ್ಷ ಇದ್ದಾಗಿನ ಮಾತು. ಹಾಸನದಲ್ಲಿ ಒಂದು ಖಾಸಗಿ ಟ್ರಸ್ಟಿನ ಆರ್ಟ್ ಗ್ಯಾಲರಿಗೆ ನಾನು ಮೇಲ್ವಿಚಾರಕ. ಹೆಸರಿಗೆ ಮೇಲ್ವಿಚಾರಕನಾದರೂ ಗೋಡೆಗೆ ಮೊಳೆ ಹೊಡೆಯುವವನು, ಲೈಟ್ ಹೊಂದಿಸುವವನು, ಉದ್ಘಾಟನೆಗೆ ಬಂದವರಿಗೆ ಕುರ್ಚಿ ಹಾಕುವವನು ಎಲ್ಲ ನಾನೇ. ಲೈಟ್ ವಿಷಯದಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಏನು ಮಾಡಿತು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ಮಾರ್ಚ್ ತಿಂಗಳಲ್ಲಿ ಮಂಚಯ್ಯ ಮೇಷ್ಟ್ರ ಪ್ರದರ್ಶನ ನಿಗದಿಯಾಗಿತ್ತು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಪೇಂಟಿಂಗೂ ಮಾಡುತ್ತಿದ್ದರು, ಶಿಲ್ಪವನ್ನೂ ಮಾಡುತ್ತಿದ್ದರು. ಇಡೀ ಆಯುಷ್ಯ ಇದೇ ಕೆಲಸ ಮಾಡಿದ್ದರೂ ಅವರೊಬ್ಬರದೇ ಪ್ರದರ್ಶನ ಅದೇ ಮೊದಲು. ಇಪ್ಪತ್ತೆರಡು ಪೇಂಟಿಂಗ್, ಐದು ಶಿಲ್ಪ ಬಂದವು. ಅವುಗಳ ಜೊತೆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಬಂತು. ಅದು ಹಸಿ ಜೇಡಿಮಣ್ಣಿನಲ್ಲಿ ಮಾಡಿದ, ಅವರ ಹೆಂಡತಿ ಜಯಮ್ಮನ ತಲೆ.

ಜಯಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಮೇಷ್ಟ್ರು ನೆನಪಿನಿಂದಲೇ ಆ ಮುಖ ಮಾಡಿ ಮುಗಿಸಿದ್ದರು. ಮುಗಿಸಿದ ಮೂರನೆಯ ದಿನ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯಿತು.

ಹಸಿ ಮಣ್ಣಿನ ಶಿಲ್ಪ ಉಳಿಯಬೇಕಾದರೆ ಅದರ ಮೇಲೆ ಪ್ಲಾಸ್ಟರ್ ಎರೆದು ಅಚ್ಚು ತೆಗೆಯಬೇಕು. ಮುಂದೆ ಆ ಅಚ್ಚಿನಲ್ಲಿ ಕಂಚನ್ನೋ ಫೈಬರನ್ನೋ ಹೊಯ್ಯುತ್ತಾರೆ. ಅಲ್ಲಿಯವರೆಗೆ ಮಣ್ಣು ಒಣಗಕೂಡದು. ಒಳಗೆ ಆಧಾರಕ್ಕೆ ಕಬ್ಬಿಣದ ಕಂಬಿ ಇರುತ್ತದೆ. ಒಣಗಿದ ಮಣ್ಣು ಕುಗ್ಗುತ್ತದೆ, ಕಂಬಿ ಕುಗ್ಗುವುದಿಲ್ಲ, ಆಗ ಮಣ್ಣು ಸೀಳುತ್ತದೆ. ಅದಕ್ಕೇ ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಅಚ್ಚು ತೆಗೆಯುವವರು ಚನ್ನರಾಯಪಟ್ಟಣದವರು, ಉದ್ಘಾಟನೆಯ ಮರುದಿನ ಬರುತ್ತೇನೆಂದಿದ್ದರು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದುದರಿಂದ ಅಷ್ಟು ದಿನ ಅದನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು.

ನಾನು ಆಸ್ಪತ್ರೆಗೆ ಹೋದಾಗ ಮೇಷ್ಟ್ರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. "ಒಂದ್ ಫೋಟೋದಲ್ಲೂ ಅವ್ಳು ನಕ್ಕಿಲ್ಲ ಸಾ. ಕ್ಯಾಮ್ರಾ ಕಂಡ್ರೆ ಬಾಯಿ ಬಿಗ್ಕೊಂಡ್ಬುಡೋಳು. ಆ ನಗ ಇರೋದು ಈ ಮಣ್ಣಲ್ಲಿ ಮಾತ್ರ. ಅಚ್ಚು ತೆಗೆಯೋಗಂಟ ಯಾರ್ಗೂ ತೋರಿಸ್ಬ್ಯಾಡಿ, ಫೋಟೋನೂ ಬ್ಯಾಡ" ಎಂದರು.

ಒಂಬತ್ತು ದಿನ ನಾನು ತಪ್ಪದೆ ನೀರು ಹಾಕಿದೆ. ಬಟ್ಟೆ ಸರಿಸಿದಾಗಲೆಲ್ಲ ಆ ಮುಖ ನೋಡುತ್ತಿದ್ದೆ. ಯಾರನ್ನೋ ತಮಾಷೆ ಮಾಡಿ, ಈಗ ಅವರು ತಿರುಗಿ ಏನು ಹೇಳುತ್ತಾರೋ ಎಂದು ಕಾಯುತ್ತಿರುವ ಹೆಂಗಸಿನ ನಗು. ನನ್ನ ಕೈಯಲ್ಲಿ ಹಾದುಹೋದ ಅಷ್ಟೊಂದು ಶಿಲ್ಪಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ನೋಡಿದಷ್ಟೂ ಇದಕ್ಕೆ ಎಡಗಡೆ ಮೇಲಿನಿಂದ ಒಂದು ಲೈಟ್ ಬಿದ್ದರೆ ಹೇಗಿರುತ್ತದೆ ಎಂಬ ಯೋಚನೆ ಬರುತ್ತಿತ್ತು.

ಉದ್ಘಾಟನೆ ಭಾನುವಾರ ಹನ್ನೊಂದು ಗಂಟೆಗೆ. ಮುಖ್ಯ ಅತಿಥಿ ಬೆಂಗಳೂರಿನ ಕಲಾ ವಿಮರ್ಶಕರು. ಅವರು ಇದನ್ನು ನೋಡದೆ ಹೋದರೆ ಮೇಷ್ಟ್ರಿಗೇ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಗಂಟೆ ಇಟ್ಟು ಮತ್ತೆ ಮುಚ್ಚಿದರಾಯಿತು ಅಂದುಕೊಂಡೆ. ಹತ್ತೂವರೆಗೆ ಬಟ್ಟೆ ತೆಗೆದು, ಹಾಲ್ ನಡುವಿನ ಪೀಠದ ಮೇಲಿಟ್ಟು, ಮೂರು ಹ್ಯಾಲೋಜನ್ ಲೈಟ್ ತಿರುಗಿಸಿದೆ. ಬಂದವರೆಲ್ಲ ಮೊದಲು ಅಲ್ಲೇ ನಿಂತರು. ನನಗೆ ಹಿಗ್ಗೋ ಹಿಗ್ಗು.

ಆಸ್ಪತ್ರೆಯವರು ಮೇಷ್ಟ್ರನ್ನು ಎರಡು ದಿನದ ಮಟ್ಟಿಗೆ ಕಳಿಸಿದ್ದರು. ಅರಕಲಗೂಡಿನಲ್ಲಿ ಕೆಲಸದಲ್ಲಿದ್ದ ಮಗಳು ಸವಿತಾ ಅವರನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದಳು. ಮೇಷ್ಟ್ರು ಮುಖ ನೋಡಿದರು, ಲೈಟ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಯಾಕ್ ಸಾ ಬಟ್ಟೆ ತೆಗೆದ್ರಿ?"

"ಅತಿಥಿಗಳು ಒಂದು ಸಲ ನೋಡಲಿ ಮೇಷ್ಟ್ರೇ. ಬಂದೇಬಿಟ್ಟರು."

ಅತಿಥಿಗಳು ಬರಲಿಲ್ಲ. ಹನ್ನೆರಡಕ್ಕೆ ಫೋನ್ ಮಾಡಿದರೆ ಚನ್ನರಾಯಪಟ್ಟಣದ ಹತ್ತಿರ ಇದ್ದೇವೆ ಅಂದರು. ಒಂದು ಗಂಟೆಗೆ ಮಾಡಿದರೆ, ಈ ಕಡೆ ಬರುವುದೇ ಅಪರೂಪ, ಜಿನನಾಥಪುರದ ಬಸದಿ ನೋಡಿಕೊಂಡು ಬರುತ್ತೇವೆ ಅಂದರು. ನಮ್ಮ ಕಡೆ ಮುಖ್ಯ ಅತಿಥಿ ಬರದೆ ದೀಪ ಹಚ್ಚುವ ಪದ್ಧತಿಯಿಲ್ಲ. ಕಾದು ಕೂತವರಿಗೆ ಸೆಕೆಯೆಂದು ನಾನೇ ದೊಡ್ಡ ಪೆಡೆಸ್ಟಲ್ ಫ್ಯಾನ್ ತಂದು ಹಾಕಿದೆ. ಅದರ ಗಾಳಿ ಜಯಮ್ಮನ ಮುಖಕ್ಕೂ ಹೊಡೆಯುತ್ತಿತ್ತು.

ಮೇಷ್ಟ್ರು ಮಗಳ ಕೈಲಿ ನನ್ನನ್ನು ಕರೆಸಿದರು. "ಒಂಚೂರು ನೀರಾದ್ರೂ ಚಿಮುಕ್ಸಿ ಸಾ. ಬಣ್ಣ ಬಿಳಚ್ಕೊಂತಾ ಐತೆ."

ನೀರಿನ ಬಾಟಲಿ ನನ್ನ ಕೈಲೇ ಇತ್ತು. ಈಗ ನೀರು ಬಿದ್ದರೆ ಲೈಟಿಗೆ ಕಲೆಕಲೆಯಾಗಿ ಕಾಣುತ್ತದಲ್ಲ ಎಂಬುದೇ ನನ್ನ ತಲೆಯಲ್ಲಿದ್ದದ್ದು. "ಇನ್ನು ಹತ್ತೇ ನಿಮಿಷ ಮೇಷ್ಟ್ರೇ" ಅಂದೆ. ಮೇಷ್ಟ್ರು ಜೀವಮಾನವಿಡೀ ಯಾರಿಗೂ ಎದುರು ಹೇಳಿದವರಲ್ಲ. ಇಷ್ಟು ವರ್ಷ ಕಳೆದರೂ ಆ ಹತ್ತು ನಿಮಿಷಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಎರಡೂವರೆಗೆ ಗೇಟಿನಲ್ಲಿ ಕಾರು ನಿಂತಿತು. ಹಾರ ತರಲು ಒಳಗೆ ಹೋಗಿ ಬಂದು ನೋಡಿದರೆ, ಹಣೆಯಿಂದ ಒಂದು ಗೆರೆ ಇಳಿದಿತ್ತು. ಅದು ಮೂಗಿನ ಪಕ್ಕ ಹಾದು ತುಟಿಯ ತುದಿಯನ್ನು ಸೀಳಿತ್ತು. ನಗು ಎಲ್ಲಿತ್ತೋ ಸರಿಯಾಗಿ ಅಲ್ಲಿಯೇ.

ಅತಿಥಿಗಳು ಎಲ್ಲ ಬಿಟ್ಟು ಅದರ ಮುಂದೆಯೇ ನಿಂತರು. ಭಾಷಣದಲ್ಲೂ ಅದರದೇ ಮಾತು. ಗ್ರಾಮೀಣ ಹೆಣ್ಣಿನ ಶತಮಾನಗಳ ನೋವನ್ನು ಕಲಾವಿದರು ಒಂದೇ ಒಂದು ಬಿರುಕಿನಲ್ಲಿ ಹೇಳಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ಮೇಷ್ಟ್ರಿಗೆ ಶಾಲು ಹೊದಿಸಿದರು. ಅವರು ಎಡಗೈಯೊಂದನ್ನೇ ಎದೆಗೆ ತಂದು ನಮಸ್ಕಾರ ಮಾಡಿದರು.

ಎಲ್ಲರೂ ಊಟಕ್ಕೆ ಎದ್ದಮೇಲೆ ನಾನು ಅವರ ಮುಂದೆ ಹೋಗಿ ನಿಂತೆ. ಅವರೇ ಮೆಲ್ಲಗೆ ಹೇಳಿದರು: "ಅವ್ಳಿಗೆ ಅಂಥ ನೋವೇನೂ ಇರ್ಲಿಲ್ಲ ಸಾ. ನಗ್ತಾ ಇದ್ಲು, ಅಷ್ಟೇಯ."

ಮರುದಿನ ಅಚ್ಚಿನವರು ಬಂದರು. ಬಿರುಕು ನೋಡಿ, "ಮಣ್ಣು ತುಂಬಿ ತೀಡ್ಬುಡ್ತೀನಿ ಮೇಷ್ಟ್ರೇ, ಗೊತ್ತೇ ಆಗಲ್ಲ" ಅಂದರು. ಮೇಷ್ಟ್ರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಬ್ಯಾಡ ಕಣಪ್ಪ. ನೀನ್ ತೀಡಿದ್ರೆ ಅದು ನಿನ್ ಕೈ ನಗ ಆಯ್ತದೆ. ನೆನಾಕ್ಬುಡಿ" ಎಂದರು.

ನೆನೆಹಾಕುವುದೆಂದರೆ ಮಣ್ಣನ್ನು ನೀರಿಗೆ ಬಿಟ್ಟು ಮತ್ತೆ ಬರೀ ಮಣ್ಣು ಮಾಡುವುದು. ಸವಿತಾ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿದಳು. ತಲೆಯನ್ನು ಎತ್ತಿ ಅದರೊಳಗೆ ಇಳಿಸಿದವನು ನಾನು. ಮೊದಲು ಕಿವಿ ಕರಗಿತು, ಆಮೇಲೆ ತುರುಬು. ಸಂಜೆಗೆ ಕಂಬಿಯೊಂದೇ ನಿಂತಿತ್ತು. ಅದೇ ದಿನದ ಪತ್ರಿಕೆಯೊಂದು ಬಿರುಕಿನ ಫೋಟೋ ಹಾಕಿ ಹೊಗಳಿ ಬರೆದಿತ್ತು.

ಆಮೇಲಿನ ಎರಡು ವರ್ಷ ನಾನು ಯಾವ ಅತಿಥಿಗೂ ಕಾಯಲಿಲ್ಲ. ಹನ್ನೊಂದೆಂದರೆ ಹನ್ನೊಂದಕ್ಕೆ, ಬಂದವರಲ್ಲಿ ಹಿರಿಯರೊಬ್ಬರ ಕೈಲಿ ದೀಪ ಹಚ್ಚಿಸಿಬಿಡುತ್ತಿದ್ದೆ. ಅದಕ್ಕೆ ಟ್ರಸ್ಟಿನಿಂದ ಒಂದು ಮೆಮೊ ಕೂಡ ಬಂತು. ಕಲಾವಿದ ಮುಚ್ಚಿಡಿ ಅಂದದ್ದನ್ನು ಮುಚ್ಚಿಡುವುದೇ ಮೇಲ್ವಿಚಾರಕನ ಮೊದಲ ಕೆಲಸ, ಲೈಟ್ ಹಾಕುವುದು ಆಮೇಲೆ. ಇದನ್ನು ಕಲಿಯಲು ನಾನು ತೆತ್ತದ್ದು ನನ್ನದಲ್ಲ, ಮೇಷ್ಟ್ರದು.

ಮೇಷ್ಟ್ರು ಮರುವರ್ಷ ತೀರಿಕೊಂಡರು. ಕೈ ಬರಲೇ ಇಲ್ಲ. ತಿಂಗಳಾದ ಮೇಲೆ ಸವಿತಾ ಗ್ಯಾಲರಿಗೆ ಬಂದು ಕೂತಳು. "ಅಪ್ಪ ಅವ್ವನ ಮುಖ ಮುಗ್ಸಿದ್ದು ನಾನು ನೋಡಿರ್ಲಿಲ್ಲ ಸಾ. ಅವತ್ತು ಬಂದಾಗ್ಲೇ ಒಣಗ್ತಿತ್ತು, ಅಪ್ಪನ್ನ ನೋಡ್ಕೊಳೋದ್ರಲ್ಲಿ ಸರ್ಯಾಗಿ ನೋಡ್ನೂ ಇಲ್ಲ. ಬೆಳಿಗ್ಗೆ ಸಂಜೆ ನೋಡಿದೋರು ನೀವೊಬ್ರೇಯ. ಹೆಂಗಿತ್ತು ಹೇಳಿ" ಅಂದಳು.

ನಾನು ಕಣ್ಣು ಮುಚ್ಚಿಕೊಂಡು ನೆನಪಿಸಿಕೊಳ್ಳಲು ನೋಡಿದೆ. ಒಂಬತ್ತು ದಿನ ನೋಡಿದ ಮುಖ. ಹಣೆ ಬಂತು, ಮೂಗು ಬಂತು, ತುಟಿಗೆ ಬರುವಷ್ಟರಲ್ಲಿ ಬಿರುಕು ಬಂದುಬಿಟ್ಟಿತು. ಮತ್ತೆ ಮತ್ತೆ ಪ್ರಯತ್ನಿಸಿದೆ, ಪ್ರತಿ ಸಲವೂ ಅದೇ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಿರುಕೊಂದನ್ನು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ ತಾಯಿ ಅಂದೆ.

"ಇರ್ಲಿ ಬುಡಿ ಸಾ" ಎಂದು ಅವಳು ಎದ್ದು, ಅರಕಲಗೂಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.